ಬರ್ಫದ ಮಷಿನ್‌ಗೆ ಎರಡು ರೋಗ: ಒಂದು ಸುಣ್ಣ, ಇನ್ನೊಂದು ಲೋಳೆ

ಒಣಬೇಸಾಯದ ರೈತನಿಗೆ ಐಸ್ ಮಷಿನ್‌ನ ಉಸಾಬರಿ ಯಾಕೆ ಅಂತ ಓದುಗರು ಕೇಳಬಹುದು. ಐಸಿಗೆ ನಮ್ಮ ಕಡೆ ಬರ್ಫ ಅಂತೀವಿ. ಕಲಬುರಗಿ ಸೀಮೆಯಲ್ಲಿ ಜೋಳ ರಾಶಿಯಾಗಿ ಮನೆ ಸೇರಿದ ಮೇಲೆ ಮೃಗಶಿರಾ ಮಳೆಯ ತನಕ ಹೊಲದಲ್ಲಿ ದೊಡ್ಡ ಕೆಲಸ ಇರುವುದಿಲ್ಲ. ಬಿಸಿಲು ಮಾತ್ರ 42-43 ಡಿಗ್ರಿಗೆ ಏರಿರುತ್ತದೆ. ಆಳಂದ, ಅಫಜಲಪುರ ತಾಲೂಕಿನಲ್ಲಿ ಕಬ್ಬು ಇದೆ, ಸಕ್ಕರೆ ಕಾರ್ಖಾನೆಗಳಿವೆ. ಹಾಗಾಗಿ ಈ ಮೂರು-ನಾಲ್ಕು ತಿಂಗಳು ರೈತರ ಮಕ್ಕಳು ಕಬ್ಬಿನ ಹಾಲು, ಲಿಂಬಿ ಶರಬತ್ತು, ಸೋಡಾ ಅಂಗಡಿ ಇಟ್ಟು ನಾಲ್ಕು ಕಾಸು ನೋಡುತ್ತಾರೆ. ಈ ಧಂದೆಗೆ ಬರ್ಫ ಬೇಕೇ ಬೇಕು.

ನಮ್ಮ ಮನೆತನದಲ್ಲಿ ಈಗ ಇಂಥ ಮೂರು ಮಷಿನ್ ಇವೆ. ಒಂದು ಆಳಂದದಲ್ಲಿ ಮಗನ ಅಂಗಡಿಯಲ್ಲಿ. ಎರಡನೆಯದು ಅಫಜಲಪುರ ತಾಲೂಕಿನಲ್ಲಿ ಅಳಿಯನ ಹತ್ತಿರ. ಮೂರನೆಯದು ಜೇವರ್ಗಿಯಲ್ಲಿ ಬೀಗರ ಹೋಟೆಲಿನಲ್ಲಿ. ಮೂರೂ ದಿನಕ್ಕೆ ಸುಮಾರು ನೂರು ಕಿಲೋ ಬರ್ಫದ ತುಂಡು ಕೊಡುವಂಥವು. ಬೇಸಿಗೆಯಲ್ಲಿ ನನಗೆ ಕೈ ಖಾಲಿ. ಹಾಗಾಗಿ ಮೂರನ್ನೂ ಬಿಚ್ಚಿ ತೊಳೆಯುವ ಕೆಲಸ ನನ್ನ ಪಾಲಿಗೆ ಬಂದಿದೆ. ಓದಿದ್ದು ಏಳನೆಯ ಇಯತ್ತೆ. ಆದರೂ ಸ್ಪ್ರೇ ಪಂಪಿನ ನಾಜಲ್ ಬಿಚ್ಚಿ ತೊಳೆಯಲು ಬಂದವನಿಗೆ ಇದು ದೊಡ್ಡ ವಿದ್ಯೆ ಏನಲ್ಲ. ಒಂದು ಜೋಡಿ ಚಲೋ ಎತ್ತಿಗೆ ಕೊಡುವಷ್ಟು ರೊಕ್ಕ ಈ ಮಷಿನ್‌ಗೆ ಬೀಳುತ್ತದೆ. ಎತ್ತಿಗೆ ದಿನಾ ಮೈ ತಿಕ್ಕುತ್ತೇವೆ. ಮಷಿನ್‌ನ ಒಳಗೆ ಏನಾಗಿದೆ ಅಂತ ಮಾತ್ರ ಯಾರೂ ಬಗ್ಗಿ ನೋಡುವುದಿಲ್ಲ.

ತಣ್ಣಗಾದರೆ ಶುದ್ಧ ಆಗುವುದಿಲ್ಲ

ಬರ್ಫ ಅಂದರೆ ಗಟ್ಟಿಯಾದ ನೀರು. ಕುದಿಸಿದರೆ ನೀರಿನ ರೋಗಾಣು ಸಾಯುತ್ತವೆ. ಗಡ್ಡೆ ಕಟ್ಟಿದರೆ ಹಾಗಲ್ಲ. ಕೆಲವು ಸಾಯುತ್ತವೆ, ಭಾಳಷ್ಟು ನಿದ್ದೆ ಹೋದಂತೆ ಇದ್ದು ಗ್ಲಾಸಿನಲ್ಲಿ ಕರಗಿದಾಗ ಮತ್ತೆ ಏಳುತ್ತವೆ. ವಾಂತಿ-ಭೇದಿ ತರುವ ಕೆಲವು ವೈರಸ್‌ಗೆ ಈ ತಂಪು ಏನೂ ಮಾಡುವುದಿಲ್ಲ.

1987ರಲ್ಲಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದಲ್ಲಿ ದೊಡ್ಡ ಮಳೆ ಬಂದು ಒಂದು ಬರ್ಫ ಕಾರ್ಖಾನೆಯ ಬಾವಿಗಳಿಗೆ ಹಳ್ಳದ ನೀರು ನುಗ್ಗಿತ್ತು. ಅದೇ ನೀರಿನಿಂದ ಮಾಡಿದ ಬರ್ಫ ಫುಟ್‌ಬಾಲ್ ಆಟದ ಜಾಗಕ್ಕೆ, ಬೇರೆ ಕಾರ್ಯಕ್ರಮಗಳಿಗೆ ಹೋಯಿತು. ಸಾವಿರಾರು ಮಂದಿಗೆ ವಾಂತಿ-ಭೇದಿ ಆಯಿತು. ನಮಗೆ ಇದು ದೂರದ ಕಥೆ ಅಲ್ಲ. 2020ರ ಅಕ್ಟೋಬರಿನಲ್ಲಿ ಭೀಮಾ ನದಿಗೆ ಮಹಾಪೂರ ಬಂದಾಗ ಅಫಜಲಪುರ, ಜೇವರ್ಗಿ ತಾಲೂಕಿನ ಹೊಳೆದಂಡೆಯ ಊರುಗಳಿಗೆ ನೀರು ಹೊಕ್ಕಿತ್ತು. ಹೀಗೆ ನೀರು ನಿಂತ ಬಾವಿ, ಬೋರಿಗೆ ಕ್ಲೋರಿನ್ ಹಾಕಿ, ನೀರು ಪರೀಕ್ಷೆ ಮಾಡಿಸುವ ತನಕ ಅದರಿಂದ ಬರ್ಫ ಮಾಡಬಾರದು.

ನಮ್ಮ ಮಂದಿ ಮದುವೆಯಲ್ಲಿ ಹೊಟ್ಟೆ ಕೆಟ್ಟರೆ ಅಡುಗೆಯವನನ್ನು ಬೈಯುತ್ತಾರೆ. ಶರಬತ್ತಿನೊಳಗೆ ಬಿದ್ದ ಬರ್ಫ ಎಲ್ಲಿಂದ ಬಂತು ಅಂತ ಕೇಳುವವರು ಕಡಿಮೆ. ಕುಡಿಯುವವರಲ್ಲಿ ಸಣ್ಣ ಮಕ್ಕಳೇ ಹೆಚ್ಚು. ಬಿಸಿಲಿಗೆ ಮೊದಲೇ ಮೈಯ ನೀರು ಆರಿದ ಮಗುವಿಗೆ ಭೇದಿ ಹತ್ತಿದರೆ ಒಂದೇ ದಿನದಲ್ಲಿ ಜೀವಕ್ಕೆ ಬರುತ್ತದೆ. ಅದಕ್ಕೇ ಈ ಮಷಿನ್ ತೊಳೆಯುವ ಮಾತನ್ನು ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮಷಿನ್ ಕೆಲಸ ಮಾಡುವ ರೀತಿ

ಒಳಗೆ ತಣ್ಣನೆಯ ಒಂದು ಲೋಹದ ತಟ್ಟೆ ಇರುತ್ತದೆ. ಕೆಳಗೆ ನೀರಿನ ತೊಟ್ಟಿ, ಅದರಲ್ಲಿ ಸಣ್ಣ ಪಂಪು. ಪಂಪು ನೀರನ್ನು ಎತ್ತಿ ತಟ್ಟೆಯ ಮೇಲೆ ಹರಿಸುತ್ತಲೇ ಇರುತ್ತದೆ. ಹರಿಯುವ ನೀರಿನಲ್ಲಿ ಶುದ್ಧ ನೀರಿನ ಅಂಶ ಮೊದಲು ಗಡ್ಡೆ ಕಟ್ಟುತ್ತದೆ. ಸುಣ್ಣ, ಉಪ್ಪು ಹಿಂದೆ ಉಳಿದು ತೊಟ್ಟಿಗೆ ಬರುತ್ತವೆ. ತುಂಡು ದಪ್ಪ ಆದ ಮೇಲೆ ಮಷಿನ್ ತಟ್ಟೆಗೆ ಸ್ವಲ್ಪ ಹೊತ್ತು ಬಿಸಿ ಅನಿಲ ಬಿಡುತ್ತದೆ. ಬರ್ಫ ಬಿಟ್ಟುಕೊಂಡು ಕೆಳಗಿನ ಪೆಟ್ಟಿಗೆಗೆ ಬೀಳುತ್ತದೆ. ತೊಟ್ಟಿಯಲ್ಲಿ ಉಳಿದ ಉಪ್ಪಿನ ನೀರು ಹೊರಗೆ ಹೋಗಿ ಹೊಸ ನೀರು ತುಂಬುತ್ತದೆ.

ಈ ಉಳಿದ ನೀರು ವ್ಯರ್ಥ ಹೋಗುತ್ತದೆ ಅಂತ ಕೆಲವರು ಪೈಪಿಗೆ ಬೂಚು ಹಾಕುತ್ತಾರೆ. ಹಾಗೆ ಮಾಡಿದರೆ ಅದೇ ಉಪ್ಪು ಸುತ್ತಿ ಸುತ್ತಿ ಗಟ್ಟಿಯಾಗಿ ತಟ್ಟೆಗೆ ಕೂಡುತ್ತದೆ. ಆ ನೀರನ್ನು ಬಕೆಟ್‌ನಲ್ಲಿ ಹಿಡಿದು ನೆಲ ತೊಳೆಯಲು ಬಳಸಿದರೆ ಆಯಿತು.

ಬರ್ಫ ಕಾರ್ಖಾನೆಯ ದೊಡ್ಡ ಗಡ್ಡೆಯಲ್ಲೂ ಇದೇ ಧರ್ಮ. ಉಪ್ಪುನೀರಿನ ತೊಟ್ಟಿಯಲ್ಲಿ ಇಳಿಬಿಟ್ಟ ಡಬ್ಬಿಯೊಳಗೆ ನೀರು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತ ಬರುತ್ತದೆ. ಕಸರು, ಗಾಳಿ ಎಲ್ಲ ನಡುವಿಗೆ ಸೇರುತ್ತವೆ. ಅದಕ್ಕೇ ಗಡ್ಡೆಯ ನಡುವೆ ಬೆಳ್ಳಗೆ ಕಾಣುತ್ತದೆ. ಗಡ್ಡೆಯ ಹೊರಮೈ ಉಪ್ಪು ಹತ್ತಿದರೆ ಡಬ್ಬಿಗೆ ತೂತು ಬಿದ್ದು ತೊಟ್ಟಿಯ ಉಪ್ಪುನೀರು ಒಳಗೆ ಬಂದಿದೆ ಅಂತ ತಿಳಿಯಬೇಕು. ಅಂಥ ಗಡ್ಡೆ ಹಿಂದಕ್ಕೆ ಕಳಿಸಿರಿ.

ಮೂರು ಊರು, ಮೂರು ನೀರು

ಒಂದೇ ತರಹದ ಮೂರು ಮಷಿನ್ ಮೂರು ಊರಲ್ಲಿ ಮೂರು ರೀತಿ ಕೆಟ್ಟವು. ಇದರಿಂದ ನನಗೆ ಭಾಳ ಕಲಿಯಲು ಸಿಕ್ಕಿತು.

ಆಳಂದದ ಅಂಗಡಿಗೆ ಬೋರಿನ ನೀರು. ಈ ನೀರಿನಲ್ಲಿ ತೊಗರಿ ಬೇಳೆ ಲಗೂ ಬೇಯುವುದಿಲ್ಲ, ಸಾಬೂನು ನೊರೆ ಬರುವುದಿಲ್ಲ. ಇದಕ್ಕೆ ಗಡಸು ನೀರು ಅಂತಾರೆ. ಕುಡಿಯುವ ನೀರಿನ ಭಾರತೀಯ ಮಾನಕದಲ್ಲಿ (ಐ.ಎಸ್. 10500) ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿರಬೇಕು, ಬೇರೆ ನೀರು ಇಲ್ಲದಾಗ 600ರ ತನಕ ನಡೆಯುತ್ತದೆ ಅಂತ ಇದೆ. ಈಗ ಲೆಕ್ಕ ಹಾಕಿ ನೋಡಿರಿ. 600ರ ನೀರು, ಚೆಲ್ಲುವುದೂ ಸೇರಿ ದಿನಕ್ಕೆ 150 ಲೀಟರು ಹೋಗುತ್ತದೆ ಅಂತ ಹಿಡಿದರೆ ದಿನಕ್ಕೆ 90 ಗ್ರಾಂ ಸುಣ್ಣದ ಅಂಶ ಮಷಿನ್ ಹಾಯ್ದು ಹೋಗುತ್ತದೆ. ತಿಂಗಳಿಗೆ ಎರಡೂ ಮುಕ್ಕಾಲು ಕಿಲೋ ಸಮೀಪ. ಬಹಳಷ್ಟು ಹೊರಗೆ ಹರಿದರೂ ಸ್ವಲ್ಪ ಕೂತೇ ಕೂಡುತ್ತದೆ. ಎರಡು ತಿಂಗಳಲ್ಲಿ ತಟ್ಟೆಯ ಮೇಲೆ ಬೆಳ್ಳನೆಯ ಪರೆ ಬಂದು ಬರ್ಫ ಬಿಟ್ಟುಕೊಳ್ಳದೆ ಹಿಡಿದುಕೊಳ್ಳತೊಡಗಿತು. "ಅಪ್ಪಾ, ಮಷಿನ್ ನಡೀಲತ್ತದ, ಬರ್ಫ ಮಾತ್ರ ಬೀಳವಲ್ದು" ಅಂತ ಮಗ ಫೋನು ಮಾಡಿದ.

ಅಫಜಲಪುರದ ಅಳಿಯ ಹೊಳೆಯ ನೀರು ಟ್ಯಾಂಕಿಗೆ ತುಂಬಿಸುತ್ತಾನೆ. ಗಡಸು ಕಡಿಮೆ. ಆದರೆ ಮಳೆಗಾಲದಲ್ಲಿ ರಾಡಿ, ಬೇಸಿಗೆಯಲ್ಲಿ ಪಾಚಿಯ ವಾಸನೆ. ಅಲ್ಲಿ ಫಿಲ್ಟರ್ ಬೇಗ ಕಟ್ಟಿ ನೀರು ಸಣ್ಣಗೆ ಬರುತ್ತಿತ್ತು. ತುಂಡುಗಳು ಪೊಳ್ಳಾಗಿ ತೆಳ್ಳಗೆ ಬೀಳುತ್ತಿದ್ದವು. ತೊಟ್ಟಿಯ ಮೂಲೆಯಲ್ಲಿ ಕೈಯಾಡಿಸಿದರೆ ಮೀನಿನ ಮೈಯ ಹಾಗೆ ಜಾರುವ ಲೋಳೆ.

ಜೇವರ್ಗಿಯ ಬೀಗರು ಶುದ್ಧ ನೀರಿನ ಘಟಕದಿಂದ ಕ್ಯಾನ್ ತರಿಸಿ ಹಾಕುತ್ತಾರೆ. ಸುಣ್ಣದ ಕಾಟ ಇಲ್ಲ. "ಶುದ್ಧ ನೀರು ಹಾಕ್ತೀವ್ರಿ, ತೊಳಿಯೋ ಮಾತೇ ಇಲ್ಲ" ಅಂದರು. ಮುಚ್ಚಳ ಬಿಚ್ಚಿದರೆ ಮೇಲಿನ ನೀರಿನ ಕೊಳವೆಯಲ್ಲಿ ನಸುಗೆಂಪು ಲೋಳೆ, ಪೆಟ್ಟಿಗೆಯ ಬಾಗಿಲ ರಬ್ಬರಿನಲ್ಲಿ ಕರಿ ಬೂಷ್ಟು. ಶುದ್ಧ ಮಾಡುವಾಗ ಇಂಗಾಲದ ಫಿಲ್ಟರ್ ನೀರಿನ ಕ್ಲೋರಿನ್ನನ್ನೂ ಹೀರಿಬಿಡುತ್ತದೆ. ಕಾವಲು ಹೋದ ಹೊಲದ ಹಾಗೆ. ಗಾಳಿಯಲ್ಲಿ, ಕೈಯಲ್ಲಿ ಬಂದ ಬೂಷ್ಟು ಆ ನೀರಿನಲ್ಲಿ ಆರಾಮಾಗಿ ಬೆಳೆಯುತ್ತದೆ. ನೀರು ಚಲೋ ಇದ್ದವರೂ ತೊಳೆಯುವುದು ತಪ್ಪುವುದಿಲ್ಲ.

ಎರಡು ರೋಗಕ್ಕೆ ಎರಡು ಮದ್ದು

ಇಲ್ಲಿ ಎಲ್ಲರೂ ಗೊಂದಲ ಮಾಡಿಕೊಳ್ಳುತ್ತಾರೆ. ಸುಣ್ಣದ ಪರೆಗೆ ಹುಳಿ ಬೇಕು, ಅಂದರೆ ಆಸಿಡ್. ಲೋಳೆ, ಬೂಷ್ಟಿಗೆ ಕ್ಲೋರಿನ್ ಬೇಕು. ಹುಳಿ ಹಾಕಿದರೆ ರೋಗಾಣು ಪೂರ್ತಿ ಸಾಯುವುದಿಲ್ಲ. ಕ್ಲೋರಿನ್ ಹಾಕಿದರೆ ಸುಣ್ಣ ಕರಗುವುದಿಲ್ಲ. ಮೊದಲು ಸುಣ್ಣ ತೆಗೆಯಬೇಕು, ಆ ಮೇಲೆ ಕ್ಲೋರಿನ್. ಯಾಕಂದರೆ ಸುಣ್ಣದ ಪರೆಯ ಸಂದಿಯಲ್ಲಿ ಲೋಳೆ ಅಡಗಿ ಕೂತಿರುತ್ತದೆ. ಪರೆ ಹೋಗದೆ ಮದ್ದು ಅದಕ್ಕೆ ತಾಗುವುದಿಲ್ಲ.

ಎಚ್ಚರಿಕೆ: ಇವೆರಡನ್ನೂ ಎಂದಿಗೂ ಕೂಡಿಸಬಾರದು. ಆಸಿಡ್ ಮತ್ತು ಬ್ಲೀಚಿಂಗ್ ದ್ರಾವಣ ಕೂಡಿದರೆ ಕ್ಲೋರಿನ್ ವಿಷಗಾಳಿ ಏಳುತ್ತದೆ. ಸಣ್ಣ ಅಂಗಡಿಯೊಳಗೆ ಅದು ಜೀವ ತೆಗೆಯಬಲ್ಲದು. ಒಂದರ ನಂತರ ಇನ್ನೊಂದಕ್ಕೆ ಹೋಗುವ ಮೊದಲು ಮೂರು ಸಲ ಬರೀ ನೀರಿನಲ್ಲಿ ತೊಳೆಯಿರಿ. ಬಾಗಿಲು, ಕಿಟಕಿ ತೆರೆದಿಡಿ. ಕೈಗೆ ರಬ್ಬರ್ ಚೀಲ, ಕಣ್ಣಿಗೆ ಕನ್ನಡಕ ಹಾಕಿರಿ. ಹೊಲದಲ್ಲಿ ಎಣ್ಣೆ ಹೊಡೆಯುವಾಗಿನ ಎಚ್ಚರ ಇಲ್ಲಿಯೂ ಬೇಕು.

ನಾವು ತೊಳೆಯುವ ಕ್ರಮ

1. ಇರುವ ಬರ್ಫವನ್ನೆಲ್ಲ ತೆಗೆದು ಚೆಲ್ಲುತ್ತೇವೆ. ತೊಳೆಯುವ ನೀರು ಸಿಡಿದ ಬರ್ಫ ಮತ್ತೆ ಉಪಯೋಗಕ್ಕಿಲ್ಲ.

2. ಸುಣ್ಣ ತೆಗೆಯಲು ಮಷಿನ್‌ನ ಪುಸ್ತಕದಲ್ಲಿ ಹೇಳಿದ ದ್ರಾವಣವೇ ಉತ್ತಮ. ಹಲವು ಮಷಿನ್‌ಗಳ ತಟ್ಟೆಗೆ ನಿಕ್ಕಲ್ ಲೇಪ ಇರುತ್ತದೆ, ಅಂಥದಕ್ಕೆ ನಿಕ್ಕಲ್‌ಗೆ ನಡೆಯುವ ದ್ರಾವಣವೇ ಬೇಕು. ನಮ್ಮ ಮಷಿನ್‌ಗೆ ಸಿಟ್ರಿಕ್ ಆಸಿಡ್, ಅಂದರೆ ನಿಂಬೆ ಉಪ್ಪು ನಡೆಯುತ್ತದೆ. ಲೀಟರು ನೀರಿಗೆ 30-40 ಗ್ರಾಂ ಕರಗಿಸಿ ತೊಟ್ಟಿಗೆ ಹಾಕಿ, ತೊಳೆಯುವ ಗುಂಡಿ ಒತ್ತಿ ಅರ್ಧ ತಾಸು ತಿರುಗಿಸುತ್ತೇವೆ. ಸುಣ್ಣ ಇದ್ದಲ್ಲಿ ಗುಳ್ಳೆ ಏಳುತ್ತದೆ. ಗುಳ್ಳೆ ನಿಂತ ಮೇಲೆಯೂ ಪರೆ ಉಳಿದಿದ್ದರೆ ಹಳೆಯ ದ್ರಾವಣ ಚೆಲ್ಲಿ ಹೊಸದು ಹಾಕಬೇಕು. ಪಾಯಖಾನೆ ತೊಳೆಯುವ ಆಸಿಡ್ ಮಾತ್ರ ಹಾಕಲೇಬಾರದು. ಅದು ಲೇಪವನ್ನು, ಸ್ಟೀಲನ್ನು ತಿಂದುಹಾಕುತ್ತದೆ. ಪರೆಯನ್ನು ಚಾಕು, ಸ್ಕ್ರೂಡ್ರೈವರಿನಿಂದ ಕೆರೆಯಲೂ ಬಾರದು. ಗೀರು ಬಿದ್ದಲ್ಲಿ ಸುಣ್ಣ ಮತ್ತೆ ಮೊದಲು ಅಲ್ಲೇ ಕೂಡುತ್ತದೆ.

3. ಮೂರು ಸಲ ಬರೀ ನೀರು ತಿರುಗಿಸಿ ಚೆಲ್ಲುತ್ತೇವೆ.

4. ಕರೆಂಟ್ ತೆಗೆದು ಬಿಚ್ಚಲು ಬರುವ ಭಾಗ ಬಿಚ್ಚುತ್ತೇವೆ: ಮೇಲಿನ ನೀರು ಹರಿಸುವ ಕೊಳವೆ, ಪರದೆ, ತೊಟ್ಟಿ, ನೀರು ನಿಲ್ಲಿಸುವ ತೇಲುಗುಂಡು. ಮೆತ್ತಗಿನ ಬ್ರಶ್ಶಿನಿಂದ ತಿಕ್ಕುತ್ತೇವೆ. ಕೊಳವೆಯ ತೂತುಗಳು ನಾಜಲ್ ಇದ್ದ ಹಾಗೆ. ಒಂದು ತೂತು ಕಟ್ಟಿದರೂ ಅದರ ಕೆಳಗಿನ ಸಾಲಿನಲ್ಲಿ ಬರ್ಫ ಸರಿಯಾಗಿ ಕಟ್ಟುವುದಿಲ್ಲ.

5. ಕ್ಲೋರಿನ್ ಲೆಕ್ಕ: ಶೇ. 5ರ ಸೋಡಿಯಂ ಹೈಪೋಕ್ಲೋರೈಟ್, ವಾಸನೆ ಬೆರೆಸದ್ದು, 10 ಲೀಟರು ನೀರಿಗೆ 40 ಮಿಲಿ. ಇದರಿಂದ ಲೀಟರಿಗೆ 200 ಮಿಲಿಗ್ರಾಂ ಕ್ಲೋರಿನ್ ಸಿಗುತ್ತದೆ. ಬಿಚ್ಚಿದ ಭಾಗಗಳನ್ನು ಇದರಲ್ಲಿ ಐದು ನಿಮಿಷ ಅದ್ದಿ, ಪೆಟ್ಟಿಗೆಯ ಒಳಮೈ, ಬಾಗಿಲ ರಬ್ಬರು ಒರೆಸಿ, ಜೋಡಿಸಿ, ಉಳಿದದ್ದನ್ನು ಒಳಗೆ ತಿರುಗಿಸುತ್ತೇವೆ. ಈ ಮದ್ದು ಬಿಸಿಲಿಗೆ, ಹಳತಾದಂತೆ ಸಪ್ಪಗಾಗುತ್ತದೆ. ಹೋದ ವರ್ಷದ ಬಾಟಲಿ ನಂಬಬಾರದು.

6. ಮತ್ತೆ ಚಲೋ ನೀರಿನಲ್ಲಿ ತೊಳೆದು ಮಷಿನ್ ಚಾಲೂ ಮಾಡಿ, ಮೊದಲ ಎರಡು ಸಲದ ಬರ್ಫ ಚೆಲ್ಲುತ್ತೇವೆ.

ಎಲ್ಲ ಸೇರಿ ಎರಡರಿಂದ ಮೂರು ತಾಸಿನ ಕೆಲಸ. ರಾತ್ರಿ ಅಂಗಡಿ ಮುಚ್ಚಿದ ಮೇಲೆ ಮಾಡಿದರೆ ವ್ಯಾಪಾರ ಕೆಡುವುದಿಲ್ಲ.

ಧೂಳು ಮತ್ತು ಕಾವು

ನಮ್ಮ ಎರಿ ಭೂಮಿಯ ಧೂಳು, ತೊಗರಿ ರಾಶಿಯ ಹೊಟ್ಟು ಎಲ್ಲಿ ಬೇಕಾದಲ್ಲಿ ಹೋಗುತ್ತದೆ. ಮಷಿನ್‌ನ ಬೆನ್ನಿಗೋ ಬದಿಗೋ ತೆಳ್ಳನೆಯ ತಗಡಿನ ಜಾಲರಿ ಇರುತ್ತದೆ, ಕಂಡೆನ್ಸರ್ ಅಂತಾರೆ. ನೀರಿನಿಂದ ತೆಗೆದ ಕಾವನ್ನು ಹೊರಗೆ ಬಿಡುವುದು ಅದೇ. ಅದಕ್ಕೆ ಧೂಳು ಕಟ್ಟಿದರೆ ಕಾವು ಹೊರಗೆ ಹೋಗುವುದಿಲ್ಲ. ಕಂಪ್ರೆಸರ್ ಏದುಸಿರು ಬಿಡುತ್ತದೆ, ಬರ್ಫ ಕಡಿಮೆ, ಬಿಲ್ಲು ಹೆಚ್ಚು. ಕೊನೆಗೆ ಕಂಪ್ರೆಸರ್ ಸುಟ್ಟರೆ ಆ ವರ್ಷದ ಗಳಿಕೆ ಅಷ್ಟಕ್ಕೇ ಮುಗಿಯುತ್ತದೆ. ಕರೆಂಟ್ ತೆಗೆದು, ಮೆತ್ತಗಿನ ಬ್ರಶ್ಶಿನಿಂದ ತಗಡಿನ ಗೆರೆ ಇದ್ದ ದಿಕ್ಕಿನಲ್ಲೇ ಎಳೆಯಬೇಕು. ಅಡ್ಡ ಎಳೆದರೆ ತಗಡು ಮಡಚಿ ಗಾಳಿ ದಾರಿ ಮುಚ್ಚುತ್ತದೆ.

ಕೊಳ್ಳುವವರಿಗೆ ಒಂದು ಮಾತು. ನೂರು ಕಿಲೋ ಅಂತ ಬರೆದಿದ್ದರೆ ಯಾವ ಕಾವಿನಲ್ಲಿ ನೂರು ಅಂತ ಕೇಳಿರಿ. ಹಲವು ತಯಾರಕರು ಗಾಳಿ 21 ಡಿಗ್ರಿ, ನೀರು 10 ಡಿಗ್ರಿ ಇದ್ದಾಗಿನ ಲೆಕ್ಕ ಬರೆಯುತ್ತಾರೆ. ನಮ್ಮ ಏಪ್ರಿಲ್, ಮೇ ತಿಂಗಳಲ್ಲಿ ಅದು ಎಲ್ಲಿ ಬರಬೇಕು? ಟ್ಯಾಂಕಿನ ನೀರೇ ಕೈ ಸುಡುತ್ತದೆ. ಮಷಿನ್ ನೆರಳಿನಲ್ಲಿರಲಿ, ಸುತ್ತ ಗೇಣಿನಷ್ಟಾದರೂ ಗಾಳಿಗೆ ಜಾಗ ಇರಲಿ, ಭಟ್ಟಿಯ ಪಕ್ಕ ಬೇಡ. ನೀರಿನ ಟ್ಯಾಂಕಿಗೆ ಗೋಣಿ ತಟ್ಟು ಸುತ್ತಿ ನೆರಳು ಮಾಡಿದರೂ ಬರ್ಫ ಹೆಚ್ಚುತ್ತದೆ.

ಕರೆಂಟ್ ಹೋಗಿ ಬಂದ ಕೂಡಲೇ ಮಷಿನ್ ಚಾಲೂ ಮಾಡಬಾರದು. ಐದು ನಿಮಿಷ ತಡೆಯಿರಿ. ಒಳಗಿನ ಒತ್ತಡ ಇಳಿಯದೆ ಚಾಲೂ ಮಾಡಿದರೆ ಕಂಪ್ರೆಸರಿಗೆ ಪೆಟ್ಟು. ಓಲ್ಟೇಜ್ ಏರಿಳಿತ ಇರುವಲ್ಲಿ ಸ್ಟೆಬಿಲೈಸರ್, ಎಲ್ಲ ಕಡೆ ಸರಿಯಾದ ಅರ್ಥಿಂಗ್ ಬೇಕು. ನೀರು, ಕರೆಂಟ್ ಒಂದೇ ಜಾಗದಲ್ಲಿರುವ ಯಂತ್ರ ಇದು.

ಪೆಟ್ಟಿಗೆ ಫ್ರಿಜ್ ಅಲ್ಲ

ಮಷಿನ್ ಎಷ್ಟು ತೊಳೆದರೂ ಕೈ ಹೊಲಸಿದ್ದರೆ ಉಪಯೋಗ ಇಲ್ಲ. ಬರ್ಫದ ಪೆಟ್ಟಿಗೆಯಲ್ಲಿ ಸೋಡಾ ಬಾಟಲಿ, ಹಾಲಿನ ಪಾಕೀಟು, ಟಿಫಿನ್ ಡಬ್ಬಿ ಹುಗಿಯುವುದು ನಮ್ಮ ಕಡೆ ಸರ್ವೇಸಾಮಾನ್ಯ. ಬಾಟಲಿಯ ಹೊರಮೈಯ ಧೂಳು, ಲಾರಿಯ ಹೊಲಸು ಎಲ್ಲ ಬರ್ಫಕ್ಕೆ ಹತ್ತುತ್ತದೆ. ರೊಕ್ಕ ಎಣಿಸಿದ ಕೈ, ಕಬ್ಬು ಹೆರೆದ ಕೈ ಪೆಟ್ಟಿಗೆಗೆ ಇಳಿಯಬಾರದು. ಹಿಡಿಕೆ ಇರುವ ಚಮಚವೇ ಬೇಕು, ಅದೂ ಬರ್ಫದೊಳಗೆ ಹುಗಿದು ಇಡದೆ ಹೊರಗೆ ತೊಳೆದು ತೂಗುಹಾಕಬೇಕು. ಗ್ಲಾಸಿನಿಂದ ಬರ್ಫ ಬಾಚಿದರೆ ಒಡೆದ ಗಾಜು ಬರ್ಫದಲ್ಲಿ ಕಾಣುವುದೇ ಇಲ್ಲ. ಗ್ಲಾಸ್ ಒಡೆದರೆ ಇಡೀ ಪೆಟ್ಟಿಗೆ ಖಾಲಿ ಮಾಡಲೇಬೇಕು.

ಪೆಟ್ಟಿಗೆಯಿಂದ ನೀರು ಹೋಗುವ ಪೈಪನ್ನು ಚರಂಡಿಯೊಳಗೆ ಇಳಿಬಿಡಬೇಡಿ. ಬಾಯಿಗೂ ಚರಂಡಿಗೂ ನಾಲ್ಕು ಬೆರಳು ಅಂತರ ಇರಲಿ. ಇಲ್ದಿದ್ರೆ ಚರಂಡಿ ತುಂಬಿದಾಗ ಹೊಲಸು ನೀರು, ಉಳಿದ ದಿನ ಜೊಂಡಿಗೆ (ಜಿರಲೆ) ಅದೇ ದಾರಿಯಲ್ಲಿ ಮೇಲೆ ಬರುತ್ತವೆ.

ಗಡ್ಡೆ ಬರ್ಫ ಕೊಳ್ಳುವವರು ಇನ್ನೊಂದು ತಿಳಿದಿರಬೇಕು. ಮೀನು ಇಡಲು, ಬೇರೆ ಕೆಲಸಕ್ಕೆ ಮಾಡುವ ಬರ್ಫ ತಿನ್ನುವುದಕ್ಕಲ್ಲ. ನಮ್ಮ ಗಡಿಗೆ ಹತ್ತಿದ ಮಹಾರಾಷ್ಟ್ರದಲ್ಲಿ 2018ರಲ್ಲಿ ಇಂಥ ಬರ್ಫಕ್ಕೆ ನೀಲಿ ಬಣ್ಣ ಹಾಕಬೇಕು ಅಂತ ಆದೇಶ ಆಯಿತು. ನೋಡಿದ ಕೂಡಲೇ ತಿನ್ನುವುದು, ತಿನ್ನದ್ದು ಗೊತ್ತಾಗಲಿ ಅಂತ. ನೀಲಿ ಕಂಡರೆ ಶರಬತ್ತಿಗೆ ಬೇಡ. ಬೆಳ್ಳಗಿದ್ದರೂ ಯಾವ ನೀರಿನದು ಅಂತ ಕೇಳಿಯೇ ಕೊಳ್ಳಿರಿ. ಹೊಟ್ಟು, ಗೋಣಿಯಲ್ಲಿ ಬಂದ ಗಡ್ಡೆಯನ್ನು ಚಲೋ ನೀರಿನಲ್ಲಿ ತೊಳೆದು, ಶುದ್ಧ ಹಲಗೆಯ ಮೇಲೆ ಒಡೆಯಿರಿ. ರಸ್ತೆಯ ಮೇಲೆ ಒಡೆಯಬೇಡಿ.

ಯಾವಾಗ ಏನು ಮಾಡಬೇಕು

ಹಲವು ತಯಾರಕರ ಪುಸ್ತಕದಲ್ಲಿ ಆರು ತಿಂಗಳಿಗೆ ಒಮ್ಮೆಯಾದರೂ ತೊಳೆಯಿರಿ ಅಂತ ಇರುತ್ತದೆ. ನಮ್ಮ ನೀರು, ಧೂಳಿಗೆ ಅದು ಸಾಲದು. ನಾವು ಇಟ್ಟುಕೊಂಡ ಕ್ರಮ ಹೀಗಿದೆ:

- ದಿನಾಲೂ: ಚಮಚ ತೊಳೆಯುವುದು, ಪೆಟ್ಟಿಗೆ ಬಾಗಿಲು ಒರೆಸುವುದು, ಬರ್ಫದ ತುಂಡು ಬೆಳಕಿಗೆ ಹಿಡಿದು ನೋಡುವುದು. ಮಬ್ಬು, ಪೊಳ್ಳು, ಸಣ್ಣ ತುಂಡು ಬಂದರೆ ಏನೋ ಕಟ್ಟಿದೆ ಅಂತ ಅರ್ಥ.
- ವಾರಕ್ಕೊಮ್ಮೆ: ಪೆಟ್ಟಿಗೆ ಖಾಲಿ ಮಾಡಿ ಕ್ಲೋರಿನ್ ನೀರಿನಿಂದ ಒರೆಸಿ ತೊಳೆಯುವುದು, ಕಂಡೆನ್ಸರ್ ಧೂಳು ತೆಗೆಯುವುದು.
- ತಿಂಗಳಿಗೊಮ್ಮೆ: ಬೋರಿನ ನೀರಿನವರು ಸುಣ್ಣ ತೆಗೆದು ಕ್ಲೋರಿನ್ ಹಾಕುವುದು. ಶುದ್ಧ ನೀರಿನವರು ಲೋಳೆಗೆ ಕ್ಲೋರಿನ್, ಸುಣ್ಣಕ್ಕೆ ಕಂಡಾಗ.
- ಫಿಲ್ಟರ್: ನೀರು ಸಣ್ಣಗಾದ ಕೂಡಲೇ ಬದಲು. ಹೊಳೆ ನೀರಿನವರು ಮಳೆಗಾಲದಲ್ಲಿ ದಿನಾ ನೋಡಬೇಕು.
- ವರ್ಷಕ್ಕೊಮ್ಮೆ: ನೀರು ಪ್ರಯೋಗಾಲಯಕ್ಕೆ ಒಯ್ದು ಗಡಸುತನ, ರೋಗಾಣು ಎರಡನ್ನೂ ಪರೀಕ್ಷೆ ಮಾಡಿಸುವುದು.

ಮೃಗಶಿರಾ ಮಳೆ ಬಿದ್ದು ಬಿತ್ತಿಗೆ ಶುರುವಾದರೆ ಬರ್ಫ ಕೇಳುವವರಿಲ್ಲ. ಆಗ ಮಷಿನ್ ಹಾಗೇ ಬಿಟ್ಟು ಹೊಲಕ್ಕೆ ಹೋಗಬಾರದು. ಒಮ್ಮೆ ಪೂರ್ತಿ ತೊಳೆದು, ತೊಟ್ಟಿ, ಪಂಪು, ಪೈಪಿನ ನೀರೆಲ್ಲ ಬಸಿದು, ಒಣಬಟ್ಟೆಯಿಂದ ಒರೆಸಿ, ಪೆಟ್ಟಿಗೆ ಬಾಗಿಲು ಸ್ವಲ್ಪ ತೆರೆದಿಡಬೇಕು. ಮುಚ್ಚಿಟ್ಟರೆ ಒಳಗೆಲ್ಲ ಬೂಷ್ಟು. ವೈರ್ ಹೋಗುವ ಸಂದಿಗೆ ತಂತಿ ಜಾಲರಿ ಹೊಡೆಯಿರಿ. ರಾಶಿಯಾದ ಮೇಲೆ ಹೊಲದ ಇಲಿ ಊರಿಗೆ ಬಂದು ಬೆಚ್ಚಗಿನ ಜಾಗ ಹುಡುಕುತ್ತವೆ, ಮಷಿನ್‌ನ ಹೊಟ್ಟೆ ಅವಕ್ಕೆ ಭಾಳ ಸೇರುತ್ತದೆ.

ಅನಿಲ ತುಂಬುವುದು, ಕಂಪ್ರೆಸರ್, ಕರೆಂಟಿನ ಹಲಗೆ ಇವು ಮಿಸ್ತ್ರಿಯ ಕೆಲಸ. ಅದಕ್ಕೆ ನಾವು ಕೈ ಹಾಕುವುದಿಲ್ಲ. ಆದರೆ ಮಿಸ್ತ್ರಿ ಬಂದ ಕೂಡಲೇ "ಗ್ಯಾಸ್ ಹೋಗ್ಯಾದ್ರಿ" ಅಂದರೆ ಮೊದಲು ಕಂಡೆನ್ಸರ್ ಧೂಳು, ಫಿಲ್ಟರ್, ತಟ್ಟೆಯ ಸುಣ್ಣ ಈ ಮೂರನ್ನು ನೋಡಿದ್ದೀರಾ ಅಂತ ಕೇಳಿರಿ. ಅನಿಲ ಸುತ್ತುವುದು ಮುಚ್ಚಿದ ಕೊಳವೆಯಲ್ಲಿ. ಎಲ್ಲಿಯಾದರೂ ಸೋರಿದರೆ ಮಾತ್ರ ಕಡಿಮೆ ಆಗಬೇಕು. ಸೋರುವ ಜಾಗ ಹುಡುಕಿ ಬೆಸೆಯದೆ ಬರೀ ಅನಿಲ ತುಂಬಿಸಿದರೆ ರೊಕ್ಕ ಗಾಳಿಗೆ ಹೋದಂತೆ.

ಆಳಂದದ ಮಷಿನ್ ಈಗ ತಿಂಗಳಿಗೊಮ್ಮೆ ತೊಳೆದ ಮೇಲೆ ಬರ್ಫ ಕಡಿಮೆ ಬಿತ್ತು ಅನ್ನುವ ಫೋನು ಬಂದಿಲ್ಲ. ಜೇವರ್ಗಿಯ ಬೀಗರೂ ವಾರಕ್ಕೊಮ್ಮೆ ರಬ್ಬರು ಒರೆಸಲು ಹತ್ತಿದ್ದಾರೆ. ಗಡಸು ನೀರಿನ ಬೇರೆ ಜಿಲ್ಲೆಯವರು ಸುಣ್ಣ ತಡೆಯಲು ಏನು ಉಪಾಯ ಮಾಡಿದ್ದಾರೆ ಅಂತ ಪತ್ರಿಕೆಗೆ ಬರೆದರೆ ನಮ್ಮಂಥವರಿಗೆ ಅನುಕೂಲ ಆಗುತ್ತದೆ.